ಐದು ದಿನದ ಪರಿಚಯ, ಕೊನೆಯ ಮೂರು ದಿನ

ಗುಂಪು ಪ್ರವಾಸದ ಮೊದಲ ಎರಡು ದಿನ ಹೆಸರು, ಊರು ಕೇಳಿಕೊಳ್ಳುವುದರಲ್ಲೇ ಕಳೆದುಹೋಗುತ್ತೆ. ಮೂರನೇ ದಿನಕ್ಕೆ ಬಸ್ಸಿಗೆ ಯಾರು ತಡವಾಗಿ ಬರ್ತಾರೆ, ಕಿಟಕಿ ಸೀಟು ಯಾರು ಬಿಡಲ್ಲ, ಯಾರ ಚೀಲದಲ್ಲಿ ಚಕ್ಕುಲಿ ಇದೆ ಎಂಬುದೆಲ್ಲ ಎಲ್ಲರಿಗೂ ಗೊತ್ತು. ನಾಲ್ಕನೇ ದಿನ ಸಣ್ಣಪುಟ್ಟ ಮುನಿಸು. ಐದನೇ ದಿನದ ಹೊತ್ತಿಗೆ ಮುನಿಸೂ ಹಳತಾಗಿರುತ್ತೆ. ಆಮೇಲೆ ಉಳಿಯೋದು ಕೊನೆಯ ಎರಡು-ಮೂರು ದಿನ. ಟೂರ್ ಕಂಪನಿಯ ಕರಪತ್ರದಲ್ಲಿ ಆ ದಿನಗಳಿಗೆ ಒಂದು ಫೋಟೊ, ಒಂದಿಷ್ಟು ಶಾಪಿಂಗ್, 'ಸಿಹಿ ನೆನಪುಗಳೊಂದಿಗೆ ಬೆಂಗಳೂರಿಗೆ' ಎಂಬ ಸಾಲು ಇಷ್ಟೇ ಇರುತ್ತೆ.

ಕಳೆದ ಡಿಸೆಂಬರ್‌ನಲ್ಲಿ ನಾವು 13 ಮಂದಿ ವಿಯೆಟ್ನಾಂಗೆ ಹೋಗಿದ್ದೆವು. ಎಂಟು ದಿನದ ಪ್ರವಾಸ. ಹೊರಡುವ ಮುಂಚೆ ನನಗೆ ಯಾರೂ ಪರಿಚಯವಿರಲಿಲ್ಲ. ಜೊತೆಗೆ ಬರೋಕೆ ಒಪ್ಪಿದ್ದ ಸ್ನೇಹಿತರಿಗೆ ರಜೆ ಸಿಗದೆ ಒಂಟಿಯಾಗಿ ಸೇರಿಕೊಂಡಿದ್ದೆ. ಶಿರಸಿ ಕಡೆಯ ನಿವೃತ್ತ ಮೇಷ್ಟ್ರು ಮತ್ತು ಅವರ ಮನೆಯವರು, ಮಂಡ್ಯದ ಅಕ್ಕ-ತಂಗಿ, ಹುಬ್ಬಳ್ಳಿಯ ಹೊಸ ಜೋಡಿ, ಚಿಕ್ಕಮಗಳೂರಿನ ಕಾಫಿ ತೋಟದ ಗೌಡರು ಮತ್ತು ಗೌಡ್ತಿಯಮ್ಮ, ಒಂದೇ ಕಂಪನಿಯಲ್ಲಿ ಕೆಲಸ ಮಾಡುವ ನಾಲ್ವರು ಹುಡುಗರು, ಮತ್ತೆ ನಾನು. ಬೆಂಗಳೂರಿನಿಂದ ಬಂದ ಟೂರ್ ಮ್ಯಾನೇಜರ್ ಬೇರೆ. ಮಂಡ್ಯದ ತಂಗಿ ಬ್ಯಾಂಕಿನಲ್ಲಿ ಆಫೀಸರ್. ಎಲ್ಲರಿಗೂ ಅವರು 'ಬ್ಯಾಂಕ್ ಮೇಡಂ'. ಎರಡನೇ ದಿನವೇ ಗುಂಪಿನ ಖರ್ಚಿನ ಡಬ್ಬಿ ಅವರ ಕೈಗೆ ಹೋಯಿತು. ತಲಾ ಹತ್ತು ಲಕ್ಷ ಡಾಂಗ್! ಗಾಬರಿಯಾಗಬೇಡಿ, ನಮ್ಮ ಒಂದು ರೂಪಾಯಿಗೆ ಅಲ್ಲಿ ಸುಮಾರು 300 ಡಾಂಗ್. ನೀರಿನ ಬಾಟಲಿ ಕೊಳ್ಳೋಕೂ ಸಾವಿರಗಳಲ್ಲೇ ಮಾತಾಡಬೇಕು.

ಐದನೇ ದಿನ: ಮೀ ಸನ್, ಹೋಯ್ ಆನ್

ಹನೋಯ್, ನಿನ್ ಬಿನ್, ಹಾ ಲಾಂಗ್ ಕೊಲ್ಲಿ ಮುಗಿಸಿ ಮಧ್ಯ ವಿಯೆಟ್ನಾಂನ ಡಾ ನಾಂಗ್ ನಗರಕ್ಕೆ ಬಂದಿದ್ದೆವು. ಐದನೇ ದಿನ ಬೆಳಿಗ್ಗೆ ಮೀ ಸನ್. ಗುಡ್ಡಗಳ ನಡುವಿನ ಬೋಗುಣಿಯಂಥ ಜಾಗದಲ್ಲಿ ಚಂಪಾ ರಾಜರು ಕಟ್ಟಿಸಿದ ಕೆಂಪು ಇಟ್ಟಿಗೆಯ ಗುಡಿಗಳ ಸಮೂಹ. ಭದ್ರವರ್ಮನೆಂಬ ರಾಜ ಇಲ್ಲಿ ಭದ್ರೇಶ್ವರನ ಲಿಂಗ ಪ್ರತಿಷ್ಠೆ ಮಾಡಿಸಿ ಹದಿನಾರು ಶತಮಾನಗಳಾದವು. ಒಂದು ಕಾಲಕ್ಕೆ ಎಪ್ಪತ್ತಕ್ಕೂ ಹೆಚ್ಚು ಕಟ್ಟಡಗಳಿದ್ದವಂತೆ. ಕಾಲ ಕೆಡವಿದ್ದು ಕೆಲವು. 1969ರಲ್ಲಿ ಅಮೆರಿಕದ ಬಾಂಬುಗಳು ಕೆಡವಿದ್ದು ಬಹಳ. ಗುಡಿಗಳ ಪಕ್ಕದಲ್ಲೇ ಬಾಂಬ್ ಬಿದ್ದ ಹೊಂಡಗಳಿವೆ, ಈಗ ಹುಲ್ಲು ಬೆಳೆದಿದೆ. ನಮ್ಮ ಭಾರತೀಯ ಪುರಾತತ್ವ ಇಲಾಖೆಯವರು ಇಲ್ಲಿ ಕೆಲವು ಗುಡಿಗಳನ್ನು ಸರಿಪಡಿಸಿಕೊಟ್ಟಿದ್ದಾರೆ. ಆ ಕೆಲಸದ ವೇಳೆ, 2020ರಲ್ಲಿ, ಒಂಬತ್ತನೇ ಶತಮಾನದ ಏಕಶಿಲೆಯ ಮರಳುಗಲ್ಲಿನ ಶಿವಲಿಂಗ ಸಿಕ್ಕಿದ್ದು ಪತ್ರಿಕೆಗಳಲ್ಲೂ ಬಂದಿತ್ತು.

ಮೇಷ್ಟ್ರು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟವರು. ಒಂದು ಶಾಸನದ ಕಲ್ಲಿನ ಮುಂದೆ ನಿಂತವರು ಅಲ್ಲಾಡಲೇ ಇಲ್ಲ. ಬ್ರಾಹ್ಮಿಯಿಂದ ಬಂದ ದಕ್ಷಿಣದ ಲಿಪಿ, ಭಾಷೆ ಸಂಸ್ಕೃತ. "ಇಲ್ನೋಡಿ, ನಮ್ಮ ಹಳೆಗನ್ನಡ ಶಾಸನದ ಅಕ್ಷರಕ್ಕೆ ಅಣ್ಣ-ತಮ್ಮ ಇದ್ದಹಾಗೆ ಇದೆ" ಅಂತ ಒಂದೊಂದೇ ಅಕ್ಷರ ಹುಡುಕುತ್ತಿದ್ದರು. ಹಿಂದಿನಿಂದ ಬ್ಯಾಂಕ್ ಮೇಡಂ ಸ್ವರ ಏರಿಸಿದರು: "ಮೇಷ್ಟ್ರೇ, ದಿನಾ ಬೆಳಿಗ್ಗೆ ನಿಮ್ಮ ಪೂಜೆಗೆ ಇಪ್ಪತ್ತು ನಿಮಿಷ ಕಾಯ್ತೀವಿ, ಇಲ್ಲೂ ಕಾಯ್ಬೇಕಾ? ಬಸ್ಸಲ್ಲಿ ಎಲ್ಲ ಕೂತವ್ರೆ." ಮೇಷ್ಟ್ರು ಮಾತಾಡದೆ ಬಂದು ಬಸ್ಸು ಹತ್ತಿದರು. ಅವರ ಮನೆಯವರು ಮಾತ್ರ ನಕ್ಕು, "ಅಡ್ಡಿಲ್ಲೆ, ಇನ್ನೂ ಅರ್ಧ ಶಾಸನ ಕನಸಲ್ಲಿ ಓದ್ತಾರೆ" ಅಂದರು. ನಾವೆಲ್ಲ ಅವರನ್ನು ಅಮ್ಮ ಅಂತಲೇ ಕರೆಯುತ್ತಿದ್ದೆವು.

ಸಂಜೆ ಹೋಯ್ ಆನ್. ಮೀ ಸನ್ ಮತ್ತು ಹೋಯ್ ಆನ್ ಎರಡಕ್ಕೂ ಒಂದೇ ವರ್ಷ, 1999ರಲ್ಲಿ, ಯುನೆಸ್ಕೊ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಜಪಾನ್, ಚೀನಾದ ವ್ಯಾಪಾರಿಗಳು ಬಂದು ನೆಲೆಸಿದ್ದ ಹಳೆಯ ಬಂದರು ಪೇಟೆ ಇದು. ಹಳದಿ ಗೋಡೆಯ ಮನೆಗಳು, ಬೀದಿ ತುಂಬ ಬಣ್ಣದ ಲಾಂದ್ರಗಳು. ಜಪಾನಿಯರು ಕಟ್ಟಿದ ಚಾವಣಿ ಇರುವ ಸೇತುವೆಯ ಚಿತ್ರ 20,000 ಡಾಂಗ್ ನೋಟಿನ ಮೇಲೂ ಇದೆ. ಸಸ್ಯಾಹಾರಿಗಳಿಗೊಂದು ಗುಟ್ಟು ಹೇಳ್ತೀನಿ: ಅಲ್ಲಿ 'ಚಾಯ್' ಅಂದ್ರೆ ಟೀ ಅಲ್ಲ, ಸಸ್ಯಾಹಾರ. ಅಂಗಡಿಯ ಬೋರ್ಡಿನಲ್ಲಿ ಆ ಪದ ಕಂಡರೆ ಧೈರ್ಯವಾಗಿ ಒಳಗೆ ಹೋಗಬಹುದು. ಬೌದ್ಧರು ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ಮಾಂಸ ಬಿಡುವುದರಿಂದ ಇಂಥ ಊಟದ ಮನೆಗಳು ಎಲ್ಲ ಊರಲ್ಲೂ ಸಿಗುತ್ತವೆ.

ಊಟ ಮುಗಿಸಿ ತು ಬಾನ್ ನದಿಯಲ್ಲಿ ದೋಣಿ ಹತ್ತಿದೆವು. ಕಾಗದದ ಲಾಂದ್ರದಲ್ಲಿ ಮೇಣದಬತ್ತಿ ಹಚ್ಚಿ ನೀರಿಗೆ ಬಿಡೋದು ಅಲ್ಲಿನ ರೂಢಿ. ಸಣ್ಣಗೆ ಮಳೆ ಹನಿಯುತ್ತಿತ್ತು. ಇಳಿಯುವಾಗ ಒದ್ದೆ ಮೆಟ್ಟಿಲ ಮೇಲೆ ಅಮ್ಮನ ಕಾಲು ಜಾರಿತು.

ಆಸ್ಪತ್ರೆಯ ರಾತ್ರಿ

ಬಿದ್ದ ಸದ್ದು ದೊಡ್ಡದೇನಲ್ಲ. ಆದರೆ ಹತ್ತು ನಿಮಿಷದಲ್ಲಿ ಬಲಗಾಲಿನ ಪಾದ ಊದಿಕೊಂಡು ಚಪ್ಪಲಿ ಹಿಡಿಸದಂತಾಯಿತು. ಟ್ಯಾಕ್ಸಿಯಲ್ಲಿ ಡಾ ನಾಂಗ್‌ನ ಆಸ್ಪತ್ರೆಗೆ ಹೊರಟಾಗ ಮೇಷ್ಟ್ರು, ಟೂರ್ ಮ್ಯಾನೇಜರ್, ಸ್ಥಳೀಯ ಗೈಡ್ ಹುಡುಗಿ, ನಾನು ಇದ್ದೆವು. ಬಾಗಿಲು ಹಾಕುವಾಗ ಬ್ಯಾಂಕ್ ಮೇಡಂ ನುಗ್ಗಿದರು: "ಒಬ್ರಾದ್ರೂ ಹೆಂಗಸರು ಬೇಡ್ವಾ?"

ಎಕ್ಸ್‌ರೇಯಲ್ಲಿ ಕಿರುಬೆರಳ ಬದಿಯ ಪಾದದ ಮೂಳೆಯಲ್ಲಿ ಸಣ್ಣ ಬಿರುಕು ಕಾಣಿಸಿತು. ಆಪರೇಷನ್ ಬೇಕಿಲ್ಲ, ಅರ್ಧ ಪಟ್ಟಿ ಹಾಕಿ ಬ್ಯಾಂಡೇಜ್ ಸುತ್ತುತ್ತೇವೆ, ಕಾಲು ಊರಬಾರದು, ಎತ್ತರದಲ್ಲಿ ಇಟ್ಟುಕೊಂಡು ಒಂದು ದಿನ ಮಲಗಿರಲಿ ಅಂದರು ಡಾಕ್ಟರ್. ಗೈಡ್ ಹುಡುಗಿ ವಿಯೆಟ್ನಾಮೀಸ್‌ನಿಂದ ಇಂಗ್ಲಿಷಿಗೆ, ನಾನು ಇಂಗ್ಲಿಷಿನಿಂದ ಕನ್ನಡಕ್ಕೆ, ಮೇಷ್ಟ್ರು ಕನ್ನಡದಿಂದ ತಮ್ಮ ಹವ್ಯಕ ಮಾತಿಗೆ. ಒಂದು ಪ್ರಶ್ನೆ ಅಮ್ಮನನ್ನು ತಲುಪಿ ಉತ್ತರ ವಾಪಸ್ ಬರೋಕೆ ಮೂರು ಮಜಲು. ಮೂರನೇ ಸಲಕ್ಕೆ ಅಮ್ಮನಿಗೇ ನಗು ಬಂತು.

ಈ ಭಾಗ ಓದುಗರಿಗೆ ಉಪಯೋಗಕ್ಕೆ ಬರಲಿ ಅಂತ ಸ್ವಲ್ಪ ವಿವರವಾಗಿ ಬರೀತೀನಿ. ಪ್ರವಾಸ ವಿಮೆ ಇದ್ದರೂ ಹೊರರೋಗಿ ಚಿಕಿತ್ಸೆಗೆ ಸಾಮಾನ್ಯವಾಗಿ ಮೊದಲು ನಾವೇ ಹಣ ಕೊಟ್ಟು ಆಮೇಲೆ ಪಡೆಯಬೇಕು. ಅದಕ್ಕೂ ಮುಂಚೆ ಪಾಲಿಸಿಯಲ್ಲಿರುವ ಸಹಾಯವಾಣಿಗೆ ಫೋನ್ ಮಾಡಿ ಘಟನೆ ತಿಳಿಸಿ ಒಂದು ಸಂಖ್ಯೆ ತೆಗೆದುಕೊಳ್ಳಬೇಕು. ಡಾಕ್ಟರ ವರದಿ, ಎಕ್ಸ್‌ರೇ, ಮೊಹರು ಇರುವ ಬಿಲ್ಲು, ಹಣ ಕೊಟ್ಟ ರಸೀದಿ ಎಲ್ಲ ಅಲ್ಲೇ ಕೇಳಿ ಪಡೆಯಬೇಕು. ಊರಿಗೆ ಬಂದಮೇಲೆ ತರಿಸೋದು ಕಷ್ಟ. ಕೆಲವು ಪಾಲಿಸಿಗಳಲ್ಲಿ ಮೊದಲ ಒಂದಿಷ್ಟು ಡಾಲರ್ ನಮ್ಮ ಪಾಲು, ಅದನ್ನೂ ನೋಡಿಕೊಳ್ಳಿ. ಇದಿಷ್ಟನ್ನೂ ಬ್ಯಾಂಕ್ ಮೇಡಂ ಆ ರಾತ್ರಿ ಕೌಂಟರಿನ ಮುಂದೆ ನಿಂತು ಮಾಡಿಸಿದರು. ಮೊಹರು ಮಸುಕಾಗಿದೆ ಅಂತ ಒಂದು ರಸೀದಿಯನ್ನು ಎರಡನೇ ಸಲ ಮಾಡಿಸಿಕೊಂಡರು. ವಿಮಾನದಲ್ಲಿ ಹೋಗಬಹುದು ಎಂಬ ಡಾಕ್ಟರ ಪತ್ರವನ್ನೂ ಬರೆಸಿಕೊಂಡರು. ಹೊಸದಾಗಿ ಪೂರ್ತಿ ಪ್ಲಾಸ್ಟರ್ ಹಾಕಿದ್ದರೆ ವಿಮಾನದಲ್ಲಿ ಕಾಲು ಊದಿಕೊಂಡು ತೊಂದರೆಯಾಗುತ್ತೆ, ಅದಕ್ಕೇ ಅರ್ಧ ಪಟ್ಟಿ ಅಂತ ಡಾಕ್ಟರ್ ವಿವರಿಸಿದರು. ಹೋಟೆಲಿಗೆ ಬಂದಾಗ ರಾತ್ರಿ ಒಂದು ಗಂಟೆ.

"ಸರ್, ನೀವು ನಿಲ್ತೀರಾ?"

ಮಾರನೇ ದಿನ ಬಾ ನಾ ಬೆಟ್ಟ. ಎರಡು ದೊಡ್ಡ ಕೈಗಳು ಎತ್ತಿ ಹಿಡಿದಂತೆ ಕಾಣುವ ಚಿನ್ನದ ಬಣ್ಣದ ಸೇತುವೆ ಇರೋದು ಅಲ್ಲೇ. 2018ರಲ್ಲಿ ತೆರೆದ ಆ ಸೇತುವೆಯ ಫೋಟೊ ನೀವೂ ನೋಡಿರುತ್ತೀರಿ. ಪಾಚಿ ಹಿಡಿದ ಹಳೇ ಕಲ್ಲಿನಂತೆ ಕಂಡರೂ ಆ ಕೈಗಳು ತಂತಿಬಲೆ ಮತ್ತು ಫೈಬರ್‌ಗ್ಲಾಸಿನವು. ನಮ್ಮ ಗುಂಪಿನ ಅರ್ಧ ಜನ ಈ ಪ್ರವಾಸ ಆರಿಸಿಕೊಂಡಿದ್ದೇ ಆ ಸೇತುವೆಗಾಗಿ. ಬ್ಯಾಂಕ್ ಮೇಡಂ ಅಂತೂ ಅಲ್ಲಿ ಉಟ್ಟುಕೊಳ್ಳೋಕೆ ಹಳದಿ ಮೈಸೂರು ಸಿಲ್ಕ್ ಸೀರೆ ಬೇರೆಯಾಗಿ ಇಸ್ತ್ರಿ ಮಾಡಿಸಿ ತಂದಿದ್ದರು.

ತಿಂಡಿಯ ಮೇಜಿನಲ್ಲಿ ಪ್ರಶ್ನೆ ಎದ್ದಿತು. ಅಮ್ಮ ಹೋಟೆಲಿನಲ್ಲೇ ಇರಬೇಕು. ಮೇಷ್ಟ್ರಿಗೆ 68 ವರ್ಷ, ಬಿ.ಪಿ. ಇದೆ, ಅಮ್ಮನನ್ನು ಬಚ್ಚಲಿಗೆ ಎತ್ತಿಕೊಂಡು ಹೋಗೋದು ಒಬ್ಬರ ಕೈಲಾಗದು. ಟೂರ್ ಮ್ಯಾನೇಜರ್ ಉಳಿದವರ ಜೊತೆ ಹೋಗಲೇಬೇಕು. ಹಾಗಾದರೆ ಇಡೀ ಗುಂಪೇ ಆ ದಿನದ ಕಾರ್ಯಕ್ರಮ ಬಿಡೋಣವೇ ಎಂದು ಹುಬ್ಬಳ್ಳಿಯ ಹುಡುಗ ಕೇಳಿದ.

ಕಂಪನಿ ಹುಡುಗರಲ್ಲಿ ಒಬ್ಬ ಹೇಳಿಯೇಬಿಟ್ಟ: "ಬೇಜಾರು ಮಾಡ್ಕೋಬೇಡಿ, ಟಿಕೆಟ್ ದುಡ್ಡು ವಾಪಸ್ ಬರಲ್ಲ. ವರ್ಷಕ್ಕೆ ಒಂದು ಸಲ ಹಿಂಗೆ ರಜೆ ಸಿಗೋದು. ಅವರು ಬಿದ್ದಿದ್ದು ನಮ್ಮ ತಪ್ಪಲ್ವಲ್ಲ."

ಗೌಡರಿಗೆ ಕೋಪ ಬಂತು. "ಏನ್ ಮಾರಾಯ, ಮನುಷ್ಯತ್ವ ಬೇಡ್ವಾ?"

"ಸರ್, ನೀವು ನಿಲ್ತೀರಾ?"

ಗೌಡರು ತಟ್ಟೆ ನೋಡಿದರು. ಯಾರೂ ಮಾತಾಡಲಿಲ್ಲ. ಆ ಹುಡುಗ ಒರಟಾಗಿ ಹೇಳಿದ್ದ, ಆದರೆ ಸುಳ್ಳೇನೂ ಹೇಳಿರಲಿಲ್ಲ. ಐದು ದಿನದ ಹಿಂದೆ ನಮ್ಮಲ್ಲಿ ಯಾರಿಗೆ ಯಾರೂ ಗೊತ್ತಿರಲಿಲ್ಲ. ನಂಟರಾಗಿದ್ದರೆ ಯಾರು ನಿಲ್ಲಬೇಕೆಂದು ಕೇಳುವ ಪ್ರಶ್ನೆಯೇ ಬರುತ್ತಿರಲಿಲ್ಲ, ಅದು ತಾನಾಗಿ ಗೊತ್ತಾಗಿರುತ್ತೆ. ಹಳೇ ಸ್ನೇಹಿತರಾಗಿದ್ದರೂ ಹಾಗೇ. ಆದರೆ ಐದು ದಿನದ ಪರಿಚಯಕ್ಕೆ ಎಷ್ಟು ಹೊಣೆ? ಇದಕ್ಕೆ ಯಾವ ಅಜ್ಜಿಯೂ ಗಾದೆ ಮಾಡಿಟ್ಟಿಲ್ಲ.

ಅಷ್ಟರಲ್ಲಿ ಬ್ಯಾಂಕ್ ಮೇಡಂ ಇಡ್ಲಿ ಸಿಗದ ಸಿಟ್ಟಿಗೆ ತಿನ್ನುತ್ತಿದ್ದ ಬ್ರೆಡ್ಡನ್ನು ತಟ್ಟೆಗೆ ಹಾಕಿ, "ನಾನಿರ್ತೀನಿ. ನಮ್ಮತ್ತೆಗೆ ಮೂರು ವರ್ಷ ಮಾಡಿದೀನಿ, ನಂಗೆ ಗೊತ್ತದೆ ಇದೆಲ್ಲ" ಅಂದರು. ಅವರ ಅಕ್ಕನಿಗೆ ಗಾಬರಿ. "ನೀನಿಲ್ದೆ ನಾನೆಂಗೆ ಹೋಗ್ಲೇ? ಆ ತೊಟ್ಲು ಹತ್ತಕ್ಕೆ ನಂಗೆ ಭಯ."

"ಗೌಡ್ತಿಯಮ್ಮನ ಕೈ ಹಿಡ್ಕೊ. ಸೇತುವೆ ಎಲ್ಲಿಗೋಯ್ತದೆ? ಇನ್ನೊಂದ್ಸಲ ಬಂದ್ರಾಯ್ತು."

ಇನ್ನೊಂದು ಸಲ ಬರುವುದು ಅಷ್ಟು ಸುಲಭವಲ್ಲ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಈ ಪ್ರವಾಸಕ್ಕೆ ಅವರು ಎರಡು ವರ್ಷ ಆರ್.ಡಿ. ಕಟ್ಟಿದ್ದರು. ಹಾಗಂತ ಅವರೇ ಬಸ್ಸಿನಲ್ಲಿ ಹೇಳಿದ್ದರು.

ಬಾ ನಾಕ್ಕೆ ಹೋದವರಲ್ಲಿ ನಾನೂ ಇದ್ದೆ. ಐದು ಕಿಲೋಮೀಟರಿಗೂ ಉದ್ದದ ಕೇಬಲ್ ಕಾರಿನಲ್ಲಿ ಮೋಡದೊಳಗೆ ಹೋದೆವು. ಮೇಲೆ ಬರೀ ಮಂಜು, ಹತ್ತು ಅಡಿ ಮುಂದಿನವರು ಕಾಣುತ್ತಿರಲಿಲ್ಲ. ಮಧ್ಯಾಹ್ನ ಅರ್ಧ ಗಂಟೆ ಮಂಜು ಸರಿಯಿತು. ಬಿಸಿಲು ಬಿದ್ದು ಸೇತುವೆ, ಕೈಗಳು, ಕೆಳಗಿನ ಕಾಡು ಎಲ್ಲ ತೊಳೆದಿಟ್ಟಂತೆ ಕಂಡವು. ಎಲ್ಲರೂ ಫೋಟೊ ತೆಗೆದರು. ಆದರೆ ದಿನಕ್ಕೆ ಇನ್ನೂರು ಫೋಟೊ ಬೀಳುತ್ತಿದ್ದ ನಮ್ಮ ವಾಟ್ಸ್ಆ್ಯಪ್ ಗುಂಪಿಗೆ ಅವತ್ತು ಒಂದೂ ಬೀಳಲಿಲ್ಲ. ಸಂಜೆ ಹೋಟೆಲಿಗೆ ಬಂದಾಗ "ಹೆಂಗಿತ್ತು?" ಅಂತ ಮೇಡಂ ಕೇಳಿದರೆ, ಬೆಳಿಗ್ಗೆ ವಾದ ಮಾಡಿದ್ದ ಅದೇ ಹುಡುಗ "ಅಯ್ಯೋ, ಬರೀ ಮಂಜು ಮೇಡಂ, ಏನೂ ಕಾಣಲಿಲ್ಲ" ಅಂದ. ಯಾರೂ ತಿದ್ದಲಿಲ್ಲ.

ಏಳನೇ ದಿನ: ಸೈಗಾನಿನ ಮಾರಿಯಮ್ಮ

ಹೋ ಚಿ ಮಿನ್ ನಗರಕ್ಕೆ ವಿಮಾನ. ವೀಲ್‌ಚೇರ್ ಬೇಕೆಂದರೆ ವಿಮಾನ ಕಂಪನಿಗಳು ಸಾಮಾನ್ಯವಾಗಿ 48 ಗಂಟೆ ಮುಂಚೆ ಹೇಳಿ ಅನ್ನುತ್ತವೆ. ಅದರಲ್ಲೂ ಬಗೆಗಳಿವೆ: ಮೆಟ್ಟಿಲು ಹತ್ತಬಲ್ಲವರು, ಮೆಟ್ಟಿಲು ಹತ್ತಲಾರದವರು, ಸೀಟಿನವರೆಗೂ ಕೂರಿಸಿಯೇ ಕರೆದೊಯ್ಯಬೇಕಾದವರು. ಸರಿಯಾದ ಬಗೆ ಹೇಳದಿದ್ದರೆ ವಿಮಾನದ ಮೆಟ್ಟಿಲ ಬುಡದಲ್ಲಿ ಫಜೀತಿ. ಈ ಎರಡೂ ವಿಮಾನಗಳ ವ್ಯವಸ್ಥೆ ಮಾಡಿಸಿದ್ದು ಆ ಕಂಪನಿ ಹುಡುಗನೇ. ರಾತ್ರಿ ಹೋಟೆಲಿನ ಮೊಗಸಾಲೆಯಲ್ಲಿ ಮುಕ್ಕಾಲು ಗಂಟೆ ಫೋನ್ ಹಿಡಿದು ಕೂತು, ಬೆಂಗಳೂರಿನ ವಿಮಾನಕ್ಕೆ ಕಾಲು ಚಾಚುವ ಜಾಗ ಇರುವ ಸೀಟನ್ನೂ ಕೇಳಿ ಪಡೆದಿದ್ದ. ಕೆಲಸ ಮುಗಿಸಿ, "ಆಂಟಿಗೆ ಹೇಳ್ಬಿಡಿ, ಆಯ್ತು ಅಂತ" ಎಂದು ನನಗೆ ಹೇಳಿ ಮಲಗಲು ಹೋದ.

ಡಾ ನಾಂಗ್‌ನಲ್ಲಿ ಚಳಿ, ತುಂತುರು; ದಕ್ಷಿಣದ ಸೈಗಾನಿನಲ್ಲಿ ರಣಬಿಸಿಲು. ಜನ ಈಗಲೂ ಹಳೇ ಹೆಸರು ಸೈಗಾನ್ ಎಂದೇ ಅನ್ನುತ್ತಾರೆ. ಬೆನ್ ಥಾನ್ ಮಾರುಕಟ್ಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಮಾರಿಯಮ್ಮನ ಗುಡಿ ಇದೆ. ಫ್ರೆಂಚರ ಕಾಲದಲ್ಲಿ ವ್ಯಾಪಾರಕ್ಕೆ ಬಂದ ತಮಿಳರು ಕಟ್ಟಿದ್ದು. ಈಗ ಅಲ್ಲಿ ಕೈಮುಗಿಯುವವರಲ್ಲಿ ಹೆಚ್ಚಿನವರು ವಿಯೆಟ್ನಾಮಿನವರೇ. ಊದುಬತ್ತಿ ಹಿಡಿದು, ಹೂವು ತಂದು, ಗರ್ಭಗುಡಿಯ ಹಿಂದಿನ ಕಲ್ಲಿನ ಗೋಡೆಗೆ ಹಣೆ ಹಚ್ಚಿ ದೇವಿಯೊಂದಿಗೆ ಪಿಸುಗುಡುತ್ತಾರೆ.

ಇದು ನಮ್ಮ ಕಾರ್ಯಕ್ರಮದಲ್ಲಿ ಇರಲಿಲ್ಲ. ಶಿರಸಿಯವರಿಗೆ ಮಾರಿಕಾಂಬೆ ಅಂದರೆ ಏನು ಅಂತ ಬೇರೆ ಹೇಳಬೇಕಿಲ್ಲ. ಗುಡಿ ಇದೆ ಎಂದು ಗೊತ್ತಾದ ಮೇಲೆ ಅಮ್ಮ ಬಾಯಿಬಿಟ್ಟು ಏನೂ ಕೇಳಲಿಲ್ಲ, ಆದರೆ ಹೋಟೆಲಿನಲ್ಲಿ ತಲೆ ಬಾಚಿಕೊಂಡು ರೆಡಿಯಾಗಿ ಕೂತಿದ್ದರು. ಹುಬ್ಬಳ್ಳಿಯ ಹುಡುಗ ನೋಡಿ, "ಏನ್ ಆಗಂಗಿಲ್ರಿ ಅಮ್ಮಾರ, ನಾವು ಅದೀವಿ, ಎತ್ಗೊಂಡು ಹೊಕ್ಕೀವಿ" ಅಂದ. ಬಾಗಿಲ ಮೆಟ್ಟಿಲಲ್ಲಿ ಅವನೂ ಗೌಡರೂ ವೀಲ್‌ಚೇರನ್ನು ಎತ್ತಿದರು. ಅಮ್ಮ ಕೂತಲ್ಲಿಂದಲೇ ಕೈಮುಗಿದು ಕಣ್ಣು ಮುಚ್ಚಿದರು. ಪಕ್ಕದಲ್ಲಿದ್ದ ಅಲ್ಲಿನ ಹೆಂಗಸೊಬ್ಬಳು ಕಾಲಿನ ಪಟ್ಟಿ ನೋಡಿ ತನ್ನ ಕೈಲಿದ್ದ ಹೂವಿನಲ್ಲಿ ಒಂದನ್ನು ಅಮ್ಮನ ಮಡಿಲಿಗೆ ಹಾಕಿ ಹೋದಳು.

ಕೊನೆಯ ದಿನ: ಎರಡು ದಾರಿ

ಎಂಟನೇ ದಿನ ಕು ಚಿ ಸುರಂಗಗಳಿಗೆ ಹೋಗಬೇಕಿತ್ತು. ಯುದ್ಧಕಾಲದಲ್ಲಿ ಗೆರಿಲ್ಲಾ ಹೋರಾಟಗಾರರು ತೋಡಿಕೊಂಡ ಆ ಜಾಲ ಸುಮಾರು 250 ಕಿಲೋಮೀಟರ್ ಉದ್ದದ್ದು. ಅಲ್ಲಿ ವೀಲ್‌ಚೇರ್ ಓಡಾಡುವ ಮಾತೇ ಇಲ್ಲ. ಈ ಸಲ ಮೇಜಿನಲ್ಲಿ ವಾದ ನಡೆಯಲಿಲ್ಲ, ಅಮ್ಮನೇ ತೀರ್ಮಾನ ಹೇಳಿದರು. "ನೋಡಿ, ನನ್ನಿಂದ ಯಾರೂ ನಿಂತರೆ ನಂಗೆ ಊಟ ಸೇರೂದಿಲ್ಲೆ. ಬೇಕಾದವರು ಹೋಗಿ. ಇಲ್ಲೇ ಇರ್ತೆ ಅನ್ನುವವರು ತಮ್ಮ ಖುಷಿಗೆ ಇರಿ."

ಏಳು ಮಂದಿ ಸುರಂಗಕ್ಕೆ ಹೋದರು, ಅವರಲ್ಲಿ ಮೇಡಂ ಕೂಡ. ಈ ಬಾರಿ ಅವರ ಅಕ್ಕ ನಿಂತರು. ಗೌಡ ದಂಪತಿ, ನಾನು, ಮೇಷ್ಟ್ರು, ಅಮ್ಮ ಸೇರಿ ಆರು ಮಂದಿ ನಗರದ ಹಳೇ ಅಂಚೆ ಕಚೇರಿಗೆ ಹೋದೆವು. 1891ರಲ್ಲಿ ಕಟ್ಟಿ ಮುಗಿಸಿದ ಫ್ರೆಂಚ್ ಕಾಲದ ಕಟ್ಟಡ; ರೈಲು ನಿಲ್ದಾಣದಂತೆ ಕಮಾನು ಚಾವಣಿ, ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಹಳೇ ನಕ್ಷೆಗಳು, ಮರದ ಟೆಲಿಫೋನ್ ಗೂಡುಗಳು. ಅದು ಇವತ್ತಿಗೂ ಅಂಚೆ ಕಚೇರಿಯೇ. ಮೇಷ್ಟ್ರು ಹತ್ತು ಕಾರ್ಡು ಕೊಂಡು ಉದ್ದನೆಯ ಬೆಂಚಿನಲ್ಲಿ ಕೂತು ಬರೆಯತೊಡಗಿದರು. ಅವತ್ತು ಯಾರಿಗೂ ಅವಸರ ಇರಲಿಲ್ಲ.

ಎದುರಿನ ಬೀದಿಯಲ್ಲಿ ಕಾಫಿ ಕುಡಿದೆವು. ವಿಯೆಟ್ನಾಂ ಕಾಫಿ ಬೆಳೆಯಲ್ಲಿ ಬ್ರೆಜಿಲ್ ಬಿಟ್ಟರೆ ಪ್ರಪಂಚಕ್ಕೇ ಎರಡನೆಯದು, ಬಹುಪಾಲು ರೊಬಸ್ಟಾ. 'ಫಿನ್' ಎಂಬ ಪುಟ್ಟ ಲೋಹದ ಫಿಲ್ಟರನ್ನು ಲೋಟದ ಮೇಲೆ ಕೂರಿಸಿ ಬಿಸಿನೀರು ಹಾಕುತ್ತಾರೆ, ಡಿಕಾಕ್ಷನ್ ಹನಿ ಹನಿಯಾಗಿ ಕೆಳಗಿನ ಗಟ್ಟಿ ಸಿಹಿ ಹಾಲಿಗೆ ಇಳಿಯುತ್ತೆ. ಗೌಡರು ಹನಿಗಳನ್ನೇ ನೋಡುತ್ತಾ, "ಇವರು ಮರದ ನೆರಳೇ ಇಲ್ದೆ ಬಯಲಲ್ಲಿ ಬೆಳೀತಾರೆ, ನೀರು ಗೊಬ್ಬರ ಸುರೀತಾರೆ. ಎಕರೆಗೆ ನಮ್ಮ ಎರಡು ಪಟ್ಟು ತೆಗೀತಾರೆ. ಇವರ ಫಸಲು ಹೆಚ್ಚಾದ್ರೆ ನಮ್ಮ ತೋಟದ ರೇಟು ಇಳಿಯುತ್ತೆ" ಅಂದರು. ಆಮೇಲೆ ದನಿ ತಗ್ಗಿಸಿ, "ಅವತ್ತು ಆ ಹುಡುಗ ಕೇಳ್ದಾಗ ನಾನು ನಿಲ್ತೀನಿ ಅನ್ಬೇಕಿತ್ತು ಮೇಷ್ಟ್ರೇ. ಬಾಯಿಗೆ ಬರ್ಲಿಲ್ಲ" ಅಂದರು. ಮೇಷ್ಟ್ರು ಕಾರ್ಡಿನಿಂದ ತಲೆ ಎತ್ತಿ, "ಇವತ್ತು ನಿಂತಿದ್ದೀರಲ್ಲ" ಅಂದರು.

ಸಂಜೆ ಖರ್ಚಿನ ಡಬ್ಬಿಯ ಲೆಕ್ಕ. ಆಸ್ಪತ್ರೆಗೆ ಓಡಾಡಿದ ಟ್ಯಾಕ್ಸಿಯನ್ನು ಡಬ್ಬಿಗೇ ಹಾಕೋಣ ಎಂದು ಎಲ್ಲರೂ ಹೇಳಿದರೆ ಮೇಷ್ಟ್ರು ಒಪ್ಪಲೇ ಇಲ್ಲ. "ಉಪಕಾರ ತಗೋತೇನೆ, ದುಡ್ಡು ತಗೊಳ್ಳೂದಿಲ್ಲ." ಮೇಡಂ ಅವರಿಂದ ಪೈಸೆ ಬಿಡದೆ ಎಣಿಸಿಕೊಂಡರು, ಅದೇ ಸರಿಯಾದ ಮರ್ಯಾದೆ ಅನ್ನೋ ಹಾಗೆ. ಉಳಿದ ಡಾಂಗ್‌ನಲ್ಲಿ ಗೌಡರು ಪ್ರತಿ ಮನೆಗೊಂದು ಫಿನ್ ಕೊಂಡುಬಂದರು. ವಿಮಾನ ನಿಲ್ದಾಣದಲ್ಲಿ ಮಾಮೂಲಿ ಮಾತುಗಳು: ನಮ್ಮೂರಿಗೆ ಬನ್ನಿ, ಜಾತ್ರೆಗೆ ಬನ್ನಿ, ತೋಟಕ್ಕೆ ಬನ್ನಿ.

ಆಮೇಲೆ

ಗುಂಪು ಪ್ರವಾಸದ ಸ್ನೇಹ ವಿಮಾನ ಇಳಿದ ಕೂಡಲೇ ಮುಗಿಯುತ್ತೆ ಅಂತ ಹೇಳುವವರಿದ್ದಾರೆ. ಅವರು ಪೂರ್ತಿ ತಪ್ಪಲ್ಲ. ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲೂ ಈಗ ಬರುವುದು ಹೆಚ್ಚಾಗಿ ಶುಭೋದಯದ ಹೂವಿನ ಚಿತ್ರಗಳೇ. ಕಂಪನಿ ಹುಡುಗರಲ್ಲಿ ಇಬ್ಬರು ಗುಂಪು ಬಿಟ್ಟಾಗಿದೆ. ಹುಬ್ಬಳ್ಳಿಯ ಜೋಡಿ ಮನೆ ಬದಲಿಸಿದ್ದು ನನಗೆ ಬೇರೆಯವರಿಂದ ಗೊತ್ತಾಯಿತು.

ಆದರೆ ಒಂದು ಕೆಲಸ ನಡೆಯಿತು. ವಿಮೆಯವರು ಎರಡು ಸಲ ಅದು ಬೇಕು, ಇದು ಬೇಕು ಎಂದು ಕಾಗದ ವಾಪಸ್ ಕಳಿಸಿದರು. ಮೇಡಂ ಮಂಡ್ಯದಲ್ಲಿ ಕೂತು ಬ್ಯಾಂಕಿನ ಊಟದ ವಿರಾಮದಲ್ಲಿ ಫೋನಿನಲ್ಲೇ ಮೇಷ್ಟ್ರಿಂದ ಫಾರಂ ತುಂಬಿಸಿದರು. ಮೂರನೇ ತಿಂಗಳು ಹಣ ಬಂತು. ಅಮ್ಮ ಈಗ ಕೋಲಿಲ್ಲದೆ ಓಡಾಡುತ್ತಾರೆ. ಮಂಡ್ಯಕ್ಕೆ ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ಹೋಗಿದೆ. ಬಾ ನಾ ಫೋಟೊಗಳನ್ನು ಹುಡುಗರು ಗುಂಪಿಗೆ ಹಾಕಿದ್ದು ನಾವು ಬಂದು ಒಂದೂವರೆ ತಿಂಗಳಾದ ಮೇಲೆ. ಬಿಸಿಲು, ಸ್ವಚ್ಛ ಆಕಾಶ, ಚಿನ್ನದ ಬಣ್ಣದ ಸೇತುವೆ. ಮೇಡಂ ನೋಡಿದರು. "ಬರೀ ಮಂಜು ಅಂದ್ರಲ್ಲಪ್ಪ, ಕಳ್ಳರಾ" ಅಂತ ಬರೆದು ಒಂದು ನಗುವ ಮುಖ ಹಾಕಿದರು.

ಐದು ದಿನದ ಪರಿಚಯಕ್ಕೆ ಎಷ್ಟು ಹೊಣೆ ಎಂದು ಕೇಳಿದರೆ, ನನಗೆ ಅನ್ನಿಸೋದು ಇಷ್ಟು: ಹೊಣೆ ಏನೂ ಇಲ್ಲ. ಯಾರೂ ಯಾರಿಗಾಗಿಯೂ ನಿಲ್ಲಬೇಕಿಲ್ಲ, ಹೋದವರನ್ನು ಬೈಯುವ ಹಕ್ಕು ಯಾರಿಗೂ ಇಲ್ಲ. ಅದಕ್ಕೇ ನಿಂತವರದ್ದು ಸ್ನೇಹ. ನೀವೂ ಇಂಥ ಗುಂಪಿನಲ್ಲಿ ಹೊರಡುವವರಿದ್ದರೆ ವಿಮೆಯ ಕಾಗದ ಕೈಚೀಲದಲ್ಲೇ ಇಟ್ಟುಕೊಳ್ಳಿ, ಮಳೆಗಾಲದ ಹೋಯ್ ಆನ್‌ಗೆ ಹಿಡಿತ ಇರುವ ಚಪ್ಪಲಿ ಹಾಕಿಕೊಳ್ಳಿ. ಬಸ್ಸಿಗೆ ತಡವಾಗಿ ಬರುವವರ ಮೇಲೆ ಸಿಟ್ಟು ಬಂದರೆ ಬರಲಿ ಬಿಡಿ. ನಮ್ಮಲ್ಲಿ ಅತಿ ಹೆಚ್ಚು ಸಿಟ್ಟು ಮಾಡಿಕೊಂಡವರೇ ಹೋಟೆಲಿನಲ್ಲಿ ನಿಂತರು.